ಜ್ಯೂರಿಕ್‌ನಿಂದ ಅಕ್ಕನಿಗೆ

ಪ್ರೀತಿಯ ಅಕ್ಕ,

ಪುಟ್ಟಿಯ ರಿಪೋರ್ಟ್ ನೋಡಿದೆ. ಫ್ಯಾಂಕೋನಿ ಅನೀಮಿಯಾ ಎಂದೇ ಇದೆ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. ಬಸುರಿಯಲ್ಲಿ ನೀನು ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಹೀಗಾಯ್ತು ಅಂತ ನಿನ್ನ ಅತ್ತೆ ಹೇಳಿದ್ದು ಕೇಳಿ ಮೈ ಉರಿಯಿತು ಮಾರಾಯ್ತಿ. ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಷ್ಟು ಕಬ್ಬಿಣದ ಟಾನಿಕ್ ಕುಡಿಸಿದರೂ ಏನೂ ಆಗಲಿಲ್ಲ ಅಲ್ವಾ?

ಡಿಎನ್‌ಎಯ ಎರಡು ಎಳೆಗಳು ಆಗಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜಿಪ್ಪಿನ ಹಲ್ಲು ಸಿಕ್ಕಿಬಿದ್ದ ಹಾಗೆ. ಹೊರಗಿನ ವಿಷವೇ ಬೇಕೆಂದಿಲ್ಲ, ನಮ್ಮ ಮೈಯೊಳಗೇ ಹುಟ್ಟುವ ಫಾರ್ಮಾಲ್ಡಿಹೈಡ್ ಸಾಕು. ಅದನ್ನು ಬಿಡಿಸಿ ರಿಪೇರಿ ಮಾಡುವುದಕ್ಕೆ 20ಕ್ಕೂ ಜಾಸ್ತಿ ಜೀನ್‌ಗಳಿವೆ. ಅವುಗಳಲ್ಲಿ ಪುಟ್ಟಿಗೆ ಕೆಟ್ಟಿರುವ ಜೀನ್ ಫ್ಯಾಂಕ್‌-ಎ. ರಿಪೇರಿಯಾಗದ ಕೋಶ ಸಾಯುತ್ತದೆ. ರಕ್ತ ಹುಟ್ಟಿಸುವ ಮೂಲ ಕೋಶಗಳೇ ಹೀಗೆ ಸತ್ತು ಬೋನ್ ಮ್ಯಾರೋ ಖಾಲಿಯಾಗುತ್ತಾ ಬರುತ್ತದೆ. ಅವಳ ಸಣ್ಣ ಹೆಬ್ಬೆರಳು, ಬೆನ್ನಿನ ಕಾಫಿ ಬಣ್ಣದ ಮಚ್ಚೆ ಎಲ್ಲ ಇದರದ್ದೇ. ನಾಗದೋಷ ಅಂತ ಆಶ್ಲೇಷಾ ಬಲಿ ಮಾಡಿಸಿದಿರಿ. ಮನಸ್ಸಿಗೆ ಸಮಾಧಾನ ಆದರೆ ಬೇಡ ಅನ್ನುವುದಿಲ್ಲ.

ಈ ಕಾಯಿಲೆ ಪತ್ತೆ ಮಾಡುವ ಬ್ರೇಕೇಜ್ ಟೆಸ್ಟ್ ನಮ್ಮ ಲ್ಯಾಬಿನಲ್ಲೂ ಮಾಡುತ್ತೇವೆ. ರಕ್ತದ ಕೋಶಗಳಿಗೆ ಡಿಇಬಿ ಎಂಬ ರಾಸಾಯನಿಕ ಹಾಕಿ ಬೆಳೆಸಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಈ ಕಾಯಿಲೆ ಇದ್ದರೆ ಕ್ರೋಮೋಸೋಮ್‌ಗಳು ತುಂಡಾಗಿರುತ್ತವೆ. ಕೆಲವು ತಪ್ಪು ಜೋಡಿಗೆ ಅಂಟಿಕೊಂಡು ನಾಲ್ಕೂ ಕಡೆ ಕೈ ಚಾಚಿದ ಹಾಗೆ ಕಾಣುತ್ತವೆ. 1927ರಲ್ಲಿ ಇದನ್ನು ಮೊದಲು ವಿವರಿಸಿದ ಗೈಡೋ ಫ್ಯಾಂಕೋನಿ ಇದೇ ಊರಿನ ಮಕ್ಕಳ ಡಾಕ್ಟರು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರಿಗೆ ಇತ್ತಂತೆ.

ಅದಕ್ಕೇ ನಿನ್ನ ಚಿಕ್ಕ ಮಗನ ವಿಷಯ ಬರೆಯುತ್ತಿದ್ದೇನೆ. ಪುಟ್ಟಿಗೆ ಕಸಿ ಮಾಡಲು ಅವನ ಬೋನ್ ಮ್ಯಾರೋ ಹೊಂದುತ್ತದೆ ಎಂದು ಎಲ್ಲರೂ ಖುಷಿಯಲ್ಲಿದ್ದೀರಿ. ಅವನಿಗೂ ಈ ಬ್ರೇಕೇಜ್ ಟೆಸ್ಟ್ ಆಗದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ಹೆಬ್ಬೆರಳು ಸರಿ ಇದೆ, ಆಟ ಆಡಿಕೊಂಡು ಇದ್ದಾನೆ ಅಂತ ಸುಮ್ನೆ ಬಿಡಬೇಡ. ಹೊರಗೆ ಏನೂ ಕಾಣದೆಯೂ ಕಾಯಿಲೆ ಇರಬಹುದು. ಮಣಿಪಾಲಕ್ಕೆ ಹೋದಾಗ ಕಸಿಗೆ ಮೊದಲು ಕೊಡುವ ಕೀಮೋ ಡೋಸ್ ಬಗ್ಗೆಯೂ ಕೇಳು. ಈ ಮಕ್ಕಳಿಗೆ ಮಾಮೂಲಿ ಡೋಸ್ ತಡೆಯುವುದಿಲ್ಲ, ಕಡಿಮೆ ಕೊಡಬೇಕು. ಕಸಿ ಚೆನ್ನಾಗಿ ಆದರೆ ರಕ್ತ ಸರಿಹೋಗುತ್ತದೆ, ಉಳಿದ ಮೈ ಹಾಗೇ ಇರುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರ್ ಆಗುವ ಸಾಧ್ಯತೆ ಜಾಸ್ತಿ. ದೊಡ್ಡವಳಾದ ಮೇಲೂ ಚೆಕಪ್ ತಪ್ಪಿಸುವ ಹಾಗಿಲ್ಲ.

ಇನ್ನೊಂದು. ಫ್ಯಾಂಕ್‌-ಎ ಕಾಯಿಲೆ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಸೇರಬೇಕು. ನಿಮ್ಮಿಬ್ಬರಿಗೂ ಏನೂ ಆಗಿಲ್ಲ, ಒಳಗೆ ಇತ್ತು ಅಷ್ಟೇ. ಇದನ್ನು ಅತ್ತೆಗೆ ನೀನು ಹೇಳಲು ಹೋಗಬೇಡ, ಜಗಳ ಆಗುತ್ತದೆ. ಭಾವನಿಗೆ ಈ ಕಾಗದ ಕೊಡು, ಅವರೇ ಹೇಳಲಿ.

ನಿನ್ನ ತಂಗಿ