ಡಿಎನ್‌ಎಗೆ ಕೊರತೆ ಜಾಗದ್ದಲ್ಲ

ಮಾನ್ಯ ಸಂಪಾದಕರೇ,

ಜೀವಕೋಶದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ಓದಿದವರಿಗೆ, ಎರಡು ಮೀಟರ್ ಉದ್ದದ ಡಿಎನ್‌ಎಯನ್ನು ಪುಟ್ಟ ಕೋಶಕೇಂದ್ರದೊಳಗೆ ಉಸಿರಾಡಲೂ ಎಡೆಯಿಲ್ಲದಂತೆ ಒತ್ತಿ ತುಂಬಲಾಗಿದೆ ಎಂಬ ಭಾವನೆ ಮೂಡುತ್ತದೆ. ಉದ್ದದ ಲೆಕ್ಕವೇನೋ ಸರಿ: ಏಣಿಯಂಥ ಡಿಎನ್‌ಎಯ ಮೆಟ್ಟಿಲುಗಳಾದ ಬೇಸ್ ಜೋಡಿಗಳು ಸುಮಾರು 640 ಕೋಟಿ, ಜೋಡಿಯೊಂದಕ್ಕೆ 0.34 ನ್ಯಾನೊಮೀಟರ್. ಆದರೆ ಎಳೆಯ ದಪ್ಪ ಕೇವಲ 2 ನ್ಯಾನೊಮೀಟರ್ ಆಗಿರುವುದರಿಂದ ಅದರ ಒಟ್ಟು ಗಾತ್ರ ಆರೇಳು ಘನ ಮೈಕ್ರೊಮೀಟರಿನ ಆಸುಪಾಸಿನಲ್ಲಿದೆ. 6 ಮೈಕ್ರೊಮೀಟರ್ ವ್ಯಾಸದ ಕೋಶಕೇಂದ್ರದ ಗಾತ್ರವಾದರೋ 110 ಘನ ಮೈಕ್ರೊಮೀಟರನ್ನು ಮೀರುತ್ತದೆ. ಅಂದರೆ ಬರಿಯ ಡಿಎನ್‌ಎ ಹಿಡಿಯುವ ಜಾಗ ನೂರರಲ್ಲಿ ಐದಾರು ಪಾಲು ಮಾತ್ರ.

ತೊಡಕಿರುವುದು ಬೇರೆಡೆ. ಎಳೆಯುದ್ದಕ್ಕೂ ಇರುವ ಫಾಸ್ಫೇಟುಗಳ ಋಣ ವಿದ್ಯುದಂಶ ಒಂದನ್ನೊಂದು ದೂಡುತ್ತದೆ. ಎಳೆಯೂ ಸುಲಭಕ್ಕೆ ಬಾಗುವಂಥದ್ದಲ್ಲ. ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೊ ಆಮ್ಲಗಳು ಹೇರಳವಾಗಿರುವುದರಿಂದ ಧನ ವಿದ್ಯುದಂಶ ಹೊಂದಿದ ಹಿಸ್ಟೋನ್ ಪ್ರೋಟೀನುಗಳು ಇಲ್ಲಿ ನೆರವಿಗೆ ಬರುತ್ತವೆ. ಎಂಟು ಹಿಸ್ಟೋನುಗಳ ಒಂದೊಂದು ಗುಂಪಿನ ಸುತ್ತ 147 ಬೇಸ್ ಜೋಡಿಗಳು ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಂಡಿರುತ್ತವೆ. ಇದೇ ನ್ಯೂಕ್ಲಿಯೋಸೋಮ್. ಅಮೆರಿಕದ ಜೀವರಸಾಯನ ವಿಜ್ಞಾನಿ ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ಇಂಥ ರಚನೆಯನ್ನು ಸೂಚಿಸಿದರು. 1997ರಲ್ಲಿ ಅದರ ಸ್ಫಟಿಕ ರಚನೆ ಪರಮಾಣುಗಳ ಮಟ್ಟದಲ್ಲಿ ಸ್ಪಷ್ಟವಾಯಿತು.

ಅಲ್ಲಿಂದ ಮುಂದಿನ ಹಂತದಲ್ಲಿ ನಮ್ಮ ಚಿತ್ರಗಳು ಎಡವುತ್ತವೆ. ನ್ಯೂಕ್ಲಿಯೋಸೋಮ್‌ಗಳು ಅಚ್ಚುಕಟ್ಟಾಗಿ ಸುರುಳಿ ಸುತ್ತಿ 30 ನ್ಯಾನೊಮೀಟರ್ ದಪ್ಪದ ಹುರಿಯಾಗುತ್ತವೆ ಎಂದು ಇಂದಿಗೂ ಬರೆಯಲಾಗುತ್ತಿದೆ. ಪ್ರಯೋಗನಳಿಕೆಯಲ್ಲಿ ಅಂಥ ಹುರಿ ಕಾಣಿಸಿದ್ದು ನಿಜ. ಆದರೆ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಮಾನವ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರಿಶೀಲಿಸಿದಾಗ ಕಂಡದ್ದು 5ರಿಂದ 24 ನ್ಯಾನೊಮೀಟರ್ ದಪ್ಪದ, ಒಂದೇ ಕ್ರಮಕ್ಕೆ ಒಗ್ಗದ ಸರಪಳಿಗಳು. ಕೆಲವೆಡೆ ಒತ್ತಾಗಿ, ಕೆಲವೆಡೆ ವಿರಳವಾಗಿ.

ಈ ವ್ಯತ್ಯಾಸ ಕ್ಷುಲ್ಲಕವಲ್ಲ, ಏಕೆಂದರೆ ಬಿಗಿಯಾಗಿ ಅಡಗಿದ ವಂಶವಾಹಿಯನ್ನು ಕೋಶ ಓದುವುದು ಕಷ್ಟ. ಹಿಸ್ಟೋನಿನ ಲೈಸಿನ್‌ಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಅದರ ಧನ ವಿದ್ಯುದಂಶ ಇಲ್ಲವಾಗಿ ಹಿಡಿತ ಸಡಿಲಗೊಳ್ಳುತ್ತದೆ. ಆ ಗುಂಪನ್ನು ಕಿತ್ತುಹಾಕುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಕ್ಕೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನ ಚಿಕಿತ್ಸೆಗಾಗಿ, ಅಮೆರಿಕದಲ್ಲಿ 2006ರಲ್ಲೇ ಅನುಮತಿ ದೊರೆತಿದೆ.

ವಿಜ್ಞಾನ ಪುಟದಲ್ಲಿ ಇನ್ನು ಮುಂದೆ ಹುರಿಯ ಆ ಹಳೆಯ ಚಿತ್ರ ಬಳಸುವುದಾದರೆ, ಅದು ಪ್ರಯೋಗನಳಿಕೆಯಲ್ಲಿ ಕಂಡದ್ದೆಂದು ಅಡಿಬರಹದಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ.

– ಜೀವವಿಜ್ಞಾನ ಉಪನ್ಯಾಸಕಿ, ಧಾರವಾಡ