ಬೇಸ್ ಇಲ್ಲದ ಹಾಡು, ಉಚ್ಚಾರವಿಲ್ಲದ ಹೆಸರು

ಪ್ರಿಯ ಮಿತ್ರರೇ,

ಅಮೆರಿಕದ ಪಾಪ್ ಗಾಯಕ ಪ್ರಿನ್ಸ್ ಕುರಿತು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ‘ಸ್ವಾತಂತ್ರ್ಯ’ ಎಂಬ ಮಾತು ಅದರಲ್ಲಿ ಹನ್ನೊಂದು ಕಡೆ ಬಂದಿದೆ. ಆತನಿಗೆ ಯಾವುದರಿಂದ ಬಿಡುಗಡೆ ಬೇಕಿತ್ತು ಎಂಬುದು ಮಾತ್ರ ಎಲ್ಲಿಯೂ ಬಂದಿಲ್ಲ.

ಮೊದಲು ಹಾಡನ್ನು ಕೇಳಿ. 1984ರ ‘ವೆನ್ ಡವ್ಸ್ ಕ್ರೈ’ಗೆ ಆತ ಬೇಸ್ (ಹಾಡಿಗೆ ತಳಪಾಯದಂತಿರುವ ತಗ್ಗು ಸ್ವರದ ವಾದ್ಯ) ನುಡಿಸಿ, ಧ್ವನಿಮುದ್ರಿಸಿ, ಕೊನೆಗೆ ಅದನ್ನು ತೆಗೆದುಹಾಕಿದ. ಕುಣಿಸುವ ಹಾಡಿಗೆ ಬೇಸ್ ಇಲ್ಲವೆಂದರೆ ಒಗ್ಗರಣೆಯಿಲ್ಲದ ಸಾರಿನಂತೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಆ ಖಾಲಿಯಲ್ಲಿ ಡ್ರಮ್ ಯಂತ್ರದ ಒಣ ಪೆಟ್ಟು ಮತ್ತು ಕೊರಳು ಎರಡೇ ಎದುರುಬದುರು ನಿಂತಾಗ, ತಂದೆತಾಯಿಯರ ಜಗಳವನ್ನು ತನ್ನೊಳಗೇ ಕಂಡುಕೊಳ್ಳುವ ಮನುಷ್ಯನ ಒಂಟಿತನ ಕಿವಿಗೆ ತಾಗುತ್ತದೆ. ಆತನ ಗುರುತನ್ನು ವೇಷಭೂಷಣದಲ್ಲಿ ಹುಡುಕಲು ನೀವು ಎರಡು ಪುಟ ಕಳೆದಿದ್ದೀರಿ. ನನಗೆ ಅದು ಈ ತೆಗೆದುಹಾಕಿದ ಬೇಸ್‌ನಲ್ಲಿ ಹೆಚ್ಚು ಕಾಣುತ್ತದೆ.

ಇನ್ನು ಕರಾರಿನ ವಿಷಯ. ಆತನ ಮೂಲ ಧ್ವನಿಮುದ್ರಣಗಳ ಒಡೆತನ, ಆಲ್ಬಮ್‌ಗಳನ್ನು ಹೊರತರುತ್ತಿದ್ದ ವಾರ್ನರ್ ಬ್ರದರ್ಸ್ ಕಂಪನಿಯ ಕೈಯಲ್ಲಿತ್ತು. ಆತ ಹಾಡು ಕಟ್ಟುವ ವೇಗಕ್ಕೆ ಆಲ್ಬಮ್‌ಗಳನ್ನು ಹೊರತರಲು ಕಂಪನಿ ಸಿದ್ಧವಿರಲಿಲ್ಲ. ಇದನ್ನು ಪ್ರತಿಭಟಿಸಿ 1993ರ ಜೂನ್ 7ರಂದು, ತನ್ನ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಆತ ಹೆಸರನ್ನೇ ತೊರೆದು, ಗಂಡು ಹೆಣ್ಣುಗಳ ಚಿಹ್ನೆಗಳನ್ನು ಬೆಸೆದ, ಉಚ್ಚರಿಸಲಾಗದ ಒಂದು ಗುರುತನ್ನು ಹೆಸರಾಗಿ ಇಟ್ಟುಕೊಂಡ. ಪತ್ರಿಕೆಗಳು ಅದನ್ನು ಅಚ್ಚು ಹಾಕಲೆಂದು ಕಂಪನಿಯೇ ಫ್ಲಾಪಿಗಳಲ್ಲಿ ಆ ಅಕ್ಷರವನ್ನು ತುಂಬಿ ಕಳುಹಿಸಬೇಕಾಯಿತು. (ಓದದೆ ಸಹಿ ಹಾಕಿ ಮೊದಲ ಸಂಕಲನದ ಹಕ್ಕನ್ನು ಪ್ರಕಾಶಕರೊಬ್ಬರಿಗೆ ಬಿಟ್ಟುಕೊಟ್ಟ ನನಗೆ ಈ ಪ್ರಸಂಗ ಕೊಂಚ ಹೆಚ್ಚೇ ಖುಷಿ ಕೊಡುತ್ತದೆ.)

ಆದರೆ ಕೆನ್ನೆಯ ಮೇಲೆ ‘ಗುಲಾಮ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ವೇದಿಕೆಗೆ ಬಂದದ್ದನ್ನು ನೀವು ಬರಿಯ ವೀರಗಾಥೆಯಂತೆ ಬರೆದದ್ದು ಸರಿಯಲ್ಲ. ಭಾರೀ ಮೊತ್ತದ ಕರಾರಿಗೆ 1992ರಲ್ಲಿ ಆತ ತಾನಾಗಿಯೇ ಸಹಿ ಹಾಕಿದ್ದ. ಆ ಪದಕ್ಕೆ ಆತನ ಜನರ, ಅಂದರೆ ಅಮೆರಿಕದ ಕಪ್ಪು ಜನರ, ಚರಿತ್ರೆಯಲ್ಲಿ ಬೇರೆಯದೇ ಭಾರವಿತ್ತು. ಸಿರಿವಂತನೊಬ್ಬ ಅದನ್ನು ಬಳಸಬಹುದೇ ಎಂಬ ಮುಜುಗರದ ಪ್ರಶ್ನೆಯನ್ನು ಓದುಗರೆದುರು ಇಡಿ, ಉತ್ತರ ನಿಮ್ಮಲ್ಲಿ ಇಲ್ಲದಿದ್ದರೂ.

2000ದ ಮೇ ತಿಂಗಳಲ್ಲಿ, ಹಾಡುಗಳ ಪ್ರಕಾಶನದ ಕರಾರು ಮುಗಿದ ಮೇಲೆ, ಆತ ಹಳೆಯ ಹೆಸರಿಗೇ ಮರಳಿದ. ನಿಮ್ಮ ಲೇಖನ 1993ಕ್ಕೇ ನಿಂತುಬಿಟ್ಟಿದೆ. ಮರಳಿದ್ದನ್ನೂ ಸೇರಿಸಿ, ಯುಗಾದಿಯೊಳಗೆ ಕಳುಹಿಸಿ. ಅಲ್ಲಿಯವರೆಗೆ ನಾನು ಊರಿನಲ್ಲೇ ಇರುತ್ತೇನೆ.

ನಿಮ್ಮ ವಿಶ್ವಾಸಿ