ಕೂತಂತೆಯೇ ಅಳತೆ ತೆಗೆದ ಟೈಲರ್ ಅಣ್ಣನಿಗೆ

ಮಲ್ಲೇಶ್ವರದ ಟೈಲರ್ ಅಣ್ಣ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಮದುವೆಗೆ ಎರಡೇ ದಿನವಿತ್ತು. ವೀಲ್‌ಚೇರ್‌ನಲ್ಲಿ ಕೂರುವ ತಮ್ಮನ ರೆಡಿಮೇಡ್ ಪ್ಯಾಂಟ್ ಹಿಂದೆ ಜಾರುತ್ತಿತ್ತು, ಹೊಟ್ಟೆ ಹತ್ತಿರ ಮುದುಡುತ್ತಿತ್ತು. ನಿಂತವರ ಅಳತೆಗೆ ಕತ್ತರಿಸಿದ್ದಲ್ಲವೇ!

ನೀವು ಮೆಟ್ಟಿಲಿಳಿದು ಫುಟ್‌ಪಾತಿಗೇ ಬಂದು, ಮಂಡಿಯೂರಿ, ಅವನು ಕೂತಂತೆಯೇ ಅಳತೆ ತೆಗೆದಿರಿ. "ಎಲ್ಲಿ ಒತ್ತುತ್ತೆ ಸಾರ್?" ಎಂದು ನನ್ನನ್ನಲ್ಲ, ಅವನನ್ನೇ ಕೇಳಿದಿರಿ. ಹೊಂದುವ ಬಟ್ಟೆ ಜೋಡಿಸಿ ಹಿಂಬದಿ 2 ಇಂಚು ಏರಿಸಿದಿರಿ, ಮುಂದೆ 1 ಇಂಚು ಇಳಿಸಿದಿರಿ. ಹಿಂದಿನ ಜೇಬುಗಳನ್ನು ಬಿಚ್ಚಿಬಿಟ್ಟಿರಿ. ಗಂಟೆಗಟ್ಟಲೆ ಕೂತರೆ ಆ ದಪ್ಪ ಹೊಲಿಗೆಯೇ ಒತ್ತಿ ಹುಣ್ಣಾಗಬಹುದು. ಗುಂಡಿ ಬದಲು ವೆಲ್ಕ್ರೋ, ಅದೂ ಒರಟು ಬದಿ ಮೈಗೆ ತಾಗದಂತೆ.

"ಒಗೆಯುವಾಗ ಅಂಟಿಸಿಡಿ, ಇಲ್ಲಾಂದ್ರೆ ನೂಲು ಸಿಕ್ಕಿ ಹಿಡಿತ ಹೋಗುತ್ತೆ" ಎಂದಿರಿ.

ಮದುವೆಯ ದಿನ ಅವನು ಒಮ್ಮೆಯೂ ಶರ್ಟ್ ಕೆಳಗೆಳೆದುಕೊಳ್ಳಲಿಲ್ಲ ಅಣ್ಣ.